ಓದುಗರ ಪ್ರಶ್ನೆ, ನಮ್ಮ ಉತ್ತರ: ಸೆಟ್ಟಿನ ವ್ಯಾಟ್ ಬೇರೆ, ಆಂಟೆನಾ ಬಿಟ್ಟು ಹೊರಡುವ ವ್ಯಾಟ್ ಬೇರೆ

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಕೊಡಗಿನಿಂದ ಬಂದವು. ಹ್ಯಾಮ್ (ಹವ್ಯಾಸಿ) ರೇಡಿಯೊ, ಸಮುದಾಯ ರೇಡಿಯೊ, ಕಾಫಿ ತೋಟದ ಸೆನ್ಸರ್ ಹೀಗೆ ಕೇಳಿದವರ ಕೆಲಸ ಬೇರೆ ಬೇರೆಯಾದರೂ ಗೊಂದಲ ಒಂದೇ ಕಡೆ ಇದೆ. ಟ್ರಾನ್ಸ್‌ಮಿಟರಿನ ಶಕ್ತಿಯನ್ನೇ ಪ್ರಸಾರದ ಶಕ್ತಿ ಎಂದು ಎಣಿಸಲಾಗುತ್ತಿದೆ. ಲೆಕ್ಕ ಹಾಕಬೇಕಾದದ್ದು ಇಆರ್‌ಪಿ, ಅಂದರೆ ಪರಿಣಾಮಕಾರಿ ವಿಕಿರಣ ಶಕ್ತಿ. ಲೆಕ್ಕದಲ್ಲಿ ಮತ್ತೆ ಮತ್ತೆ ಬರುವ ಡಿಬಿ (ಡೆಸಿಬೆಲ್) ಎಂದರೆ ಒಂದು ಶಕ್ತಿ ಇನ್ನೊಂದರ ಎಷ್ಟು ಪಟ್ಟು ಎಂದು ಹೇಳುವ ಅಳತೆ, ಗೇನ್ ಎಂದರೆ ಆಂಟೆನಾ ಶಕ್ತಿಯನ್ನು ಒಂದು ದಿಕ್ಕಿಗೆ ಒಟ್ಟುಮಾಡುವುದರಿಂದ ಅಲ್ಲಿ ಸಿಗುವ ಹೆಚ್ಚಳ. ಮೊದಲ ಉತ್ತರವನ್ನು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇವೆ, ಮುಂದಿನವು ಅದರ ಮೇಲೆ ನಿಂತಿವೆ.

ಪ್ರಶ್ನೆ: ನನ್ನ ಬಳಿ 145 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ 25 ವ್ಯಾಟಿನ ಸೆಟ್ ಇದೆ. ಮನೆ ತಗ್ಗಿನಲ್ಲಿರುವುದರಿಂದ ಆಂಟೆನಾವನ್ನು ಹಿಂದಿನ ಬಾಣೆಯ ಮೇಲೆ ನಿಲ್ಲಿಸಿ, 35 ಮೀಟರ್ ಆರ್‌ಜಿ-58 ಕೇಬಲ್ ಎಳೆದಿದ್ದೇನೆ. ಆಂಟೆನಾದ ಗೇನ್ 6 ಡಿಬಿ ಎಂದು ಪೆಟ್ಟಿಗೆಯ ಮೇಲಿದೆ. 6 ಡಿಬಿ ಎಂದರೆ ನಾಲ್ಕು ಪಟ್ಟು. ಹಾಗಾದರೆ ನನ್ನ ಇಆರ್‌ಪಿ 100 ವ್ಯಾಟ್ ತಾನೆ? ಆದರೂ ಮಡಿಕೇರಿಯವರು ಸಿಗ್ನಲ್ ದುರ್ಬಲ ಎನ್ನುತ್ತಾರೆ. 100 ವ್ಯಾಟಿನ ಆಂಪ್ಲಿಫೈಯರ್ ಹಾಕಿದರೆ ಸರಿಹೋಗುತ್ತದೆಯೆ? (ಸೋಮವಾರಪೇಟೆ)

ಉತ್ತರ: ನಿಮ್ಮ ಇಆರ್‌ಪಿ 100 ವ್ಯಾಟ್ ಅಲ್ಲ, ಹೆಚ್ಚುಕಡಿಮೆ 11 ವ್ಯಾಟ್. ಆಂಪ್ಲಿಫೈಯರ್ ಕೊಳ್ಳುವ ಮೊದಲು ಆ 11 ಎಲ್ಲಿಂದ ಬಂತು ಎಂಬುದನ್ನು ನೋಡಿ.

ನಿಮ್ಮ ಆಂಟೆನಾ ತನ್ನ ಒಳ್ಳೆಯ ದಿಕ್ಕಿನಲ್ಲಿ ಕೊಡುವಷ್ಟೇ ಸಿಗ್ನಲನ್ನು ಒಂದು ಸಾದಾ ಅರ್ಧತರಂಗ ಡೈಪೋಲಿನಿಂದ (ಒಟ್ಟು ಉದ್ದ ತರಂಗದೂರದ ಅರ್ಧದಷ್ಟಿರುವ ಎರಡು ತೋಳಿನ ಆಂಟೆನಾ) ಪಡೆಯಬೇಕಾದರೆ ಆ ಡೈಪೋಲಿಗೆ ಎಷ್ಟು ವ್ಯಾಟ್ ಊಡಬೇಕೋ ಅದೇ ಇಆರ್‌ಪಿ. ಹೋಲಿಕೆಗೆ ಡೈಪೋಲನ್ನು ಹಿಡಿದಿರುವುದರಿಂದ ಗೇನ್ ಕೂಡ ಡೈಪೋಲಿಗೆ ಹೋಲಿಸಿದ್ದೇ ಆಗಿರಬೇಕು, ಅಂದರೆ ಡಿಬಿಡಿ. ಆಂಟೆನಾ ಮಾರುವವರು ಸಾಮಾನ್ಯವಾಗಿ ಬರೆಯುವುದು ಡಿಬಿಐ, ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಕಾಲ್ಪನಿಕ ಬಿಂದುವಿಗೆ ಹೋಲಿಸಿದ ಅಂಕಿ. ಡೈಪೋಲಿಗೇ 2.15 ಡಿಬಿಐ ಗೇನ್ ಇರುವುದರಿಂದ ಡಿಬಿಐಯಲ್ಲಿ 2.15 ಕಳೆದರೆ ಡಿಬಿಡಿ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಬರೀ ‘ಡಿಬಿ’ ಎಂದಿದ್ದರೆ ಅದನ್ನು ಡಿಬಿಐ ಎಂದೇ ಹಿಡಿಯಿರಿ. ದೊಡ್ಡ ಅಂಕಿ ಕಾಣಿಸುವುದು ಮಾರುವವರಿಗೆ ಲಾಭ, ಅಕ್ಷರ ಬಿಟ್ಟುಹೋಗುವುದು ಆ ಕಡೆಗೇ. ನಿಮ್ಮ 6 ಹೀಗೆ 3.85 ಡಿಬಿಡಿ ಆಯಿತು.

ಇನ್ನು ಕೇಬಲ್. ಆರ್‌ಜಿ-58 ಈ ಆವರ್ತನದಲ್ಲಿ 100 ಮೀಟರಿಗೆ ಸುಮಾರು 20 ಡಿಬಿ ತಿನ್ನುತ್ತದೆ, 35 ಮೀಟರಿಗೆ 7 ಡಿಬಿ. ಎರಡು ತುದಿಯ ಕನೆಕ್ಟರ್, ಮೀಟರಿಗೆ ಹೋಗುವ ಚಿಕ್ಕ ತುಂಡು, ಸಿಡಿಲಿನ ಅರೆಸ್ಟರ್ ಎಲ್ಲ ಸೇರಿ ಇನ್ನೊಂದು 0.5 ಡಿಬಿ.

ಗುಣಾಕಾರ ಭಾಗಾಕಾರದ ಬದಲು ಎಲ್ಲವನ್ನೂ ಡಿಬಿಯಲ್ಲಿ ಬರೆದುಕೊಂಡರೆ ಬರೀ ಕೂಡಿ ಕಳೆಯುವ ಕೆಲಸ. ವ್ಯಾಟನ್ನು ಡಿಬಿಎಂಗೆ (1 ಮಿಲಿವ್ಯಾಟಿಗೆ ಹೋಲಿಸಿದ ಡಿಬಿ) ತರಲು ಮಿಲಿವ್ಯಾಟ್ ಮಾಡಿ, ಲಾಗ್ ತೆಗೆದು 10ರಿಂದ ಗುಣಿಸಿ. 1 ವ್ಯಾಟ್ ಎಂದರೆ 30 ಡಿಬಿಎಂ, 10 ವ್ಯಾಟ್ 40, 100 ವ್ಯಾಟ್ 50. ದುಪ್ಪಟ್ಟಾದರೆ 3 ಕೂಡುತ್ತದೆ, ಅರ್ಧವಾದರೆ 3 ಕಳೆಯುತ್ತದೆ. 25 ವ್ಯಾಟ್ ಎಂದರೆ 100ರ ಅರ್ಧದ ಅರ್ಧ, ಹಾಗಾಗಿ 50 − 3 − 3 = 44 ಡಿಬಿಎಂ. ಲಾಗ್ ಟೇಬಲ್ಲೂ ಬೇಕಾಗಲಿಲ್ಲ.

44 − 7 − 0.5 + 3.85 = 40.35 ಡಿಬಿಎಂ. ವ್ಯಾಟಿಗೆ ತಿರುಗಿಸಿದರೆ 10.8.

ಆಂಟೆನಾದ ಬುಡಕ್ಕೆ ತಲುಪುತ್ತಿರುವುದು 36.5 ಡಿಬಿಎಂ, ಅಂದರೆ ನಾಲ್ಕೂವರೆ ವ್ಯಾಟ್. ಉಳಿದ ಇಪ್ಪತ್ತು ವ್ಯಾಟ್ ಕೇಬಲನ್ನು ಬೆಚ್ಚಗೆ ಮಾಡಿ ಮುಗಿಯುತ್ತಿದೆ.

ಈಗ ಸೆಟ್, ಆಂಟೆನಾ, ಕಂಬ ಯಾವುದನ್ನೂ ಮುಟ್ಟದೆ ಕೇಬಲ್ ಮಾತ್ರ ಬದಲಿಸಿ ನೋಡಿ. ಆರ್‌ಜಿ-213 ಹಾಕಿದರೆ (100 ಮೀಟರಿಗೆ ಸುಮಾರು 9 ಡಿಬಿ) ನಷ್ಟ 3.15ಕ್ಕೆ ಇಳಿದು ಇಆರ್‌ಪಿ 26 ವ್ಯಾಟ್ ಆಗುತ್ತದೆ. ಎಲ್‌ಎಂಆರ್-400 ತರಗತಿಯ ಕೇಬಲಿಗೆ (ಸುಮಾರು 5 ಡಿಬಿ) 36 ವ್ಯಾಟ್. ಮೊಬೈಲ್ ಟವರುಗಳಲ್ಲಿ ಬಳಸುವ ಅರ್ಧ ಇಂಚಿನ ಹೀಲಿಯಾಕ್ಸ್ ಜಾತಿಯ ಕೇಬಲಿಗೆ (ಸುಮಾರು 2.7 ಡಿಬಿ) 43 ವ್ಯಾಟಿನ ಮೇಲೆ. ಈಗಿನದಕ್ಕೆ ಹೋಲಿಸಿದರೆ ನಾಲ್ಕು ಪಟ್ಟು. ಆಂಪ್ಲಿಫೈಯರಿನಿಂದ ಇದೇ ನಾಲ್ಕು ಪಟ್ಟು ಪಡೆಯಬೇಕಾದರೆ ನೀವು ಕೇಳಿದ 100 ವ್ಯಾಟಿನದೇ ಬೇಕು. ಅದು 13.8 ವೋಲ್ಟಿನಲ್ಲಿ ಸುಮಾರು 15ರಿಂದ 20 ಆಂಪಿಯರ್ ಎಳೆಯುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಬ್ಯಾಟರಿ ಮೇಲೆ ಅದನ್ನು ಓಡಿಸುವುದು ಕಷ್ಟ. ನಿಮ್ಮ ಲೈಸೆನ್ಸಿನ ದರ್ಜೆ ಅಷ್ಟು ಶಕ್ತಿಗೆ ಅವಕಾಶ ಕೊಡುತ್ತದೆಯೆ ಎಂಬ ಪ್ರಶ್ನೆ ಬೇರೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಆಂಪ್ಲಿಫೈಯರ್ ಕಿವಿಗೆ ಏನೂ ಸಹಾಯ ಮಾಡುವುದಿಲ್ಲ. ಮಡಿಕೇರಿಯಿಂದ ಬರುವ ಸಿಗ್ನಲೂ ಅದೇ ಕೇಬಲಿನಲ್ಲಿ 7 ಡಿಬಿ ಕಳೆದುಕೊಂಡೇ ಸೆಟ್ಟಿಗೆ ಬರುತ್ತದೆ. ಕೇಬಲ್ ಬದಲಿಸಿದರೆ ಹೋಗುವುದೂ ಬರುವುದೂ ಒಟ್ಟಿಗೆ ಸುಧಾರಿಸುತ್ತದೆ. ನಮ್ಮ ಸಲಹೆ ಸ್ಪಷ್ಟ: ಆಂಪ್ಲಿಫೈಯರಿನ ಹಣವನ್ನು ಕೇಬಲಿಗೆ ಹಾಕಿ.

ಲೆಕ್ಕಕ್ಕೆ ಕೂರುವ ಮೊದಲು ಸೆಟ್ 25 ವ್ಯಾಟ್ ಕೊಡುತ್ತಿದೆಯೆ ಎಂದೂ ಅಳೆಯಿರಿ. ಸೆಟ್ಟಿನ ಹಿಂಬದಿಗೆ 50 ಓಮಿನ ಡಮ್ಮಿ ಲೋಡ್ (ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ ರೆಸಿಸ್ಟರ್), ನಡುವೆ ವ್ಯಾಟ್‌ಮೀಟರ್. ಬ್ಯಾಟರಿ 11.5 ವೋಲ್ಟಿಗೆ ಇಳಿದಿದ್ದರೆ ಅಥವಾ ಬ್ಯಾಟರಿಯಿಂದ ಸೆಟ್ಟಿಗೆ ಬರುವ ವೈರ್ ತೆಳ್ಳಗಿದ್ದರೆ ಕೀಲಿ ಒತ್ತಿದೊಡನೆ ವೋಲ್ಟೇಜ್ ಕುಸಿದು ಔಟ್‌ಪುಟ್ ಗಮನಾರ್ಹವಾಗಿ ಇಳಿಯುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ನನ್ನ ಮೀಟರ್ ಎಸ್‌ಡಬ್ಲ್ಯುಆರ್ (ಕೇಬಲಿಗೂ ಆಂಟೆನಾಕ್ಕೂ ಇರುವ ಹೊಂದಿಕೆಯ ಅಂಕಿ, 1 ಆದರೆ ಪೂರ್ಣ ಹೊಂದಿಕೆ) 1.8 ತೋರಿಸುತ್ತಿತ್ತು. ಮಳೆ ಹಿಡಿದ ಮೇಲೆ ತಾನಾಗಿಯೇ 1.2ಕ್ಕೆ ಬಂದಿದೆ. ಮ್ಯಾಚಿಂಗ್ ಸರಿಹೋಯಿತು ಎಂದುಕೊಂಡರೆ, ಮೊದಲು ಕೇಳುತ್ತಿದ್ದವರಿಗೂ ಈಗ ಕೇಳಿಸುತ್ತಿಲ್ಲ. ಇದೇನು ವಿಚಿತ್ರ? (ನಾಪೋಕ್ಲು)

ಉತ್ತರ: ಕೇಬಲಿನೊಳಗೆ ನೀರು ಹೋಗಿದೆ. ಇಷ್ಟು ಖಚಿತವಾಗಿ ಹೇಳಲು ಕಾರಣ ನಿಮ್ಮ ಎರಡು ಅಂಕಿಗಳೇ.

ಎಸ್‌ಡಬ್ಲ್ಯುಆರ್ ಮೀಟರ್ ಅಳೆಯುವುದು ಆಂಟೆನಾದಿಂದ ತಿರುಗಿ ಬಂದ ಶಕ್ತಿಯನ್ನು. ಆ ಶಕ್ತಿ ಕೇಬಲಿನಲ್ಲಿ ಮೇಲಕ್ಕೆ ಹೋಗುವಾಗ ಒಮ್ಮೆ, ಕೆಳಗೆ ಬರುವಾಗ ಇನ್ನೊಮ್ಮೆ ನಷ್ಟ ಅನುಭವಿಸುತ್ತದೆ. ಕೇಬಲ್ ಕೆಟ್ಟಷ್ಟೂ ತಿರುಗಿ ಬರುವುದು ಕಡಿಮೆ, ಮೀಟರಿನ ಮುಳ್ಳು ಅಷ್ಟೇ ‘ಚೆನ್ನಾಗಿ’ ಕಾಣುತ್ತದೆ. 1.8 ಎಂದರೆ ತಿರುಗಿ ಬಂದದ್ದು ಕಳಿಸಿದ್ದಕ್ಕಿಂತ 10.9 ಡಿಬಿ ಕೆಳಗೆ. 1.2 ಎಂದರೆ 20.8 ಡಿಬಿ ಕೆಳಗೆ. ವ್ಯತ್ಯಾಸ ಸುಮಾರು 10 ಡಿಬಿ, ಹೋಗಿಬರುವ ಎರಡು ದಾರಿಗೆ ಸೇರಿ. ಆಂಟೆನಾ ಬದಲಾಗಿಲ್ಲದಿದ್ದರೆ ಒಂದು ದಾರಿಗೆ 5 ಡಿಬಿ ಹೊಸ ನಷ್ಟ. ಬೇಸಿಗೆಯಲ್ಲಿ ಆಂಟೆನಾಕ್ಕೆ ಮುಟ್ಟುತ್ತಿದ್ದ ಶಕ್ತಿಯ ಮೂರನೇ ಒಂದು ಪಾಲೂ ಈಗ ಮುಟ್ಟುತ್ತಿಲ್ಲ, ಇಆರ್‌ಪಿಯೂ ಅದೇ ಪ್ರಮಾಣದಲ್ಲಿ ಇಳಿದಿದೆ.

ಈ ಮೋಸ ಎಷ್ಟು ದೂರ ಹೋಗಬಹುದು ಗೊತ್ತೆ? ಹಿಂದಿನ ಪ್ರಶ್ನೆಯ 35 ಮೀಟರ್ ಆರ್‌ಜಿ-58 ತೆಗೆದುಕೊಳ್ಳಿ, ಒಂದು ದಾರಿಗೆ 7 ಡಿಬಿ. ಮೇಲಿನ ಆಂಟೆನಾ ಗಾಳಿಗೆ ಕಿತ್ತು ಬಿದ್ದೇ ಹೋಗಿ ಕೇಬಲ್ ತುದಿ ಬರಿದಾಗಿದ್ದರೂ ಕೆಳಗಿನ ಮೀಟರ್ ಸುಮಾರು 1.5 ತೋರಿಸುತ್ತದೆ. ಕೋಣೆಯಲ್ಲಿ ಕೂತು ಓದಿದ ಎಸ್‌ಡಬ್ಲ್ಯುಆರನ್ನು ಹಾಗೇ ನಂಬಿ ಇಆರ್‌ಪಿ ಲೆಕ್ಕ ಹಾಕಬಾರದು.

ಪರೀಕ್ಷೆ ಹೀಗೆ. ಮೇಲಿನ ತುದಿಯಲ್ಲಿ ಆಂಟೆನಾ ಬಿಚ್ಚಿ ಅಲ್ಲಿಗೆ ಡಮ್ಮಿ ಲೋಡ್ ಕಟ್ಟಿ. ವ್ಯಾಟ್‌ಮೀಟರನ್ನು ಮೊದಲು ಸೆಟ್ಟಿನ ಬಳಿ, ಆಮೇಲೆ ಡಮ್ಮಿ ಲೋಡಿನ ಬಳಿ ಇಟ್ಟು ಎರಡು ಅಂಕಿ ಬರೆದುಕೊಳ್ಳಿ. ಕೆಳಗೆ 20 ವ್ಯಾಟ್, ಮೇಲೆ 5 ವ್ಯಾಟ್ ಬಂದರೆ ನಷ್ಟ 6 ಡಿಬಿ. ಕೇಬಲ್ ತಯಾರಕರ ಪಟ್ಟಿಯಲ್ಲಿ ಆ ಉದ್ದಕ್ಕೆ ಇರಬೇಕಾದ ನಷ್ಟಕ್ಕಿಂತ 1 ಡಿಬಿಗೂ ಹೆಚ್ಚು ಬಂದರೆ ಕೇಬಲ್ ಹೋಗಿದೆ ಎಂದೇ ಅರ್ಥ. ಕಂಬ ಹತ್ತಲು ಇಬ್ಬರಿಲ್ಲದಿದ್ದರೆ ಆಂಟೆನಾ ಅನಲೈಸರಿನಿಂದ ಇನ್ನೊಂದು ದಾರಿ ಇದೆ: ಮೇಲಿನ ತುದಿಯನ್ನು ಬರಿದಾಗಿ ಬಿಟ್ಟು, ಕೆಳಗಿನಿಂದ ರಿಟರ್ನ್ ಲಾಸ್ (ತಿರುಗಿ ಬಂದದ್ದು ಕಳಿಸಿದ್ದಕ್ಕಿಂತ ಎಷ್ಟು ಡಿಬಿ ಕೆಳಗೆ ಎಂಬುದು) ಓದಿ ಅರ್ಧ ಮಾಡಿ. ಒಂದು ದಾರಿಯ ನಷ್ಟ ಅದೇ.

ಕೇಬಲ್ ಕೆಳಗಿಳಿಸಿದ ಮೇಲೆ ಮೇಲ್ತುದಿಯ ಕನೆಕ್ಟರಿನಿಂದ ಒಂದು ಅಡಿ ಕೆಳಗೆ ಕಪ್ಪು ಸಿಪ್ಪೆಯನ್ನು ಉದ್ದಕ್ಕೆ ಸೀಳಿ. ಒಳಗಿನ ತಾಮ್ರದ ಹೆಣಿಗೆ ಹೊಸದಾಗಿ ತೊಳೆದ ಹಾಗೆ ಹೊಳೆಯಬೇಕು. ಕಪ್ಪಾಗಿದ್ದರೆ, ಹಸಿರು ಪುಡಿ ಕಂಡರೆ, ಒತ್ತಿದಾಗ ತೇವ ಬೆರಳಿಗೆ ಹತ್ತಿದರೆ ನೀರು ಹೆಣಿಗೆಯ ಎಳೆಗಳ ನಡುವೆ ಏರಿಳಿದು ಮೀಟರುಗಟ್ಟಲೆ ಹಬ್ಬಿದೆ. ತುದಿಯ ಒಂದೆರಡು ಮೀಟರ್ ಕತ್ತರಿಸಿ ಮತ್ತೆ ಕನೆಕ್ಟರ್ ಹಾಕುವವರಿದ್ದಾರೆ. ಬಿಸಿಲಿಗಿಟ್ಟು ಒಣಗಿಸುವವರೂ ಇದ್ದಾರೆ. ಎರಡೂ ಬೇಡ. ಒಣಗಿದರೂ ತುಕ್ಕು ಅಲ್ಲೇ ಇರುತ್ತದೆ. ಆ ಕೇಬಲನ್ನು ತೆಗೆದೇಬಿಡಿ.

ಹೊಸದು ಹಾಕುವಾಗ ಮೇಲಿನ ತುದಿಗೆ ಪಿಎಲ್-259 ಬದಲು ಎನ್ ಕನೆಕ್ಟರ್ ಬಳಸಿ. ಪಿಎಲ್-259ಕ್ಕೆ ನೀರು ತಡೆಯುವ ರಬ್ಬರ್ ಉಂಗುರವೇ ಇಲ್ಲ. ಬಿಗಿ ಮಾಡಿದ ಮೇಲೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಮಾಡಿಗೆ ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬಂದು ನೀರು ಜಾರಿಹೋಗುತ್ತದೆ. ಈ ರಬ್ಬರಿಗೆ ಬಿಸಿಲು ಆಗದು, ಅದರ ಮೇಲೆ ಒಳ್ಳೆಯ ಪಿವಿಸಿ ಟೇಪಿನ ಎರಡು ಪದರ ಬೇಕು. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಒಂದು ಗೇಣು ಕೆಳಗೆ ಜೋತುಬಿಟ್ಟು ಆಮೇಲೆ ಒಳಗೆ ತನ್ನಿ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಇದೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಜೂನಿನಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಟೇಪ್ ಅಂಟುವಷ್ಟು ಒಣಗಿದ ಕನೆಕ್ಟರ್ ಸಿಗುವುದೇ ಕಷ್ಟ.

ಪ್ರಶ್ನೆ: ನಮ್ಮ ಸಂಸ್ಥೆ ಸಮುದಾಯ ರೇಡಿಯೊಗೆ ಅರ್ಜಿ ಹಾಕಲು ತಯಾರಿ ನಡೆಸಿದೆ. 100 ವ್ಯಾಟ್ ಇಆರ್‌ಪಿ ಮಿತಿ ಎಂದಿದೆ, ಆದರೆ ಮಾರಾಟಗಾರರು 50 ವ್ಯಾಟಿನ ಟ್ರಾನ್ಸ್‌ಮಿಟರ್ ಸಾಕು ಎನ್ನುತ್ತಾರೆ. ಆಂಟೆನಾ ‘ಸರ್ಕ್ಯುಲರ್’ ತೆಗೆದುಕೊಳ್ಳಿ ಎಂದೂ ಹೇಳುತ್ತಾರೆ. ಸರಿಯೆ? (ಪೊನ್ನಂಪೇಟೆ)

ಉತ್ತರ: 50 ವ್ಯಾಟ್ ಸಾಕು ಎಂಬುದು ಸರಿ. ಆಂಟೆನಾ ವಿಷಯ ಯೋಚಿಸಬೇಕು.

90.4 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ. 50 ವ್ಯಾಟ್ ಎಂದರೆ 47 ಡಿಬಿಎಂ. ಸ್ಟುಡಿಯೊದಿಂದ ಟವರ್ ತುದಿಗೆ ಅರ್ಧ ಇಂಚಿನ ಕೇಬಲ್ 40 ಮೀಟರ್, ಈ ಆವರ್ತನದಲ್ಲಿ 0.85 ಡಿಬಿಯಷ್ಟು ನಷ್ಟ. ಕನೆಕ್ಟರುಗಳಿಗೆ 0.2. ಆಂಟೆನಾ ಬುಡಕ್ಕೆ ಸುಮಾರು 46 ಡಿಬಿಎಂ ಬಂತು, 40 ವ್ಯಾಟ್. ಎರಡು ನೇರ ಡೈಪೋಲುಗಳನ್ನು ಒಂದರ ಮೇಲೊಂದು ಜೋಡಿಸಿದರೆ 3 ಡಿಬಿಡಿ ಗೇನ್, ಇಆರ್‌ಪಿ 79 ವ್ಯಾಟ್. ಮಿತಿಯೊಳಗೇ ಇದೆ. ನಾಲ್ಕು ಡೈಪೋಲ್ ಜೋಡಿಸಿದರೆ 6 ಡಿಬಿಡಿ, 158 ವ್ಯಾಟ್ ಆಗಿ ಮಿತಿ ದಾಟುತ್ತದೆ. ಆಗ ಟ್ರಾನ್ಸ್‌ಮಿಟರನ್ನು 30 ವ್ಯಾಟಿಗೆ ಇಳಿಸಿ ಓಡಿಸಬೇಕು. ಕರೆಂಟು ಉಳಿಯುತ್ತದೆ, ತಪ್ಪೇನಿಲ್ಲ.

ಸರ್ಕ್ಯುಲರ್ ಆಂಟೆನಾ ತನ್ನ ಶಕ್ತಿಯನ್ನು ಅಡ್ಡ ಮತ್ತು ನೇರ ಎರಡು ಪೋಲರೈಸೇಶನ್‌ಗಳಿಗೆ (ಅಲೆ ಕಂಪಿಸುವ ದಿಕ್ಕುಗಳಿಗೆ) ಹಂಚುತ್ತದೆ. ಹಾಗಾಗಿ ಅದೇ ಎರಡು ಘಟಕದ ಸರ್ಕ್ಯುಲರ್ ಆಂಟೆನಾದ ಗೇನ್ ಒಂದೊಂದು ಪೋಲರೈಸೇಶನ್ನಿನಲ್ಲಿ ಸುಮಾರು 0 ಡಿಬಿಡಿ. ಒಂದು ಘಟಕ ಮಾತ್ರ ಇದ್ದರೆ ಸೊನ್ನೆಗಿಂತ ಕೆಳಗೆ 3 ಡಿಬಿಗೂ ಹೆಚ್ಚು ಇಳಿಯುತ್ತದೆ. ಎರಡು ಘಟಕದ್ದಾದರೂ ನಿಮ್ಮ 40 ವ್ಯಾಟ್ 40 ಆಗಿಯೇ ಉಳಿಯುತ್ತದೆ. ಜೇಬಿನಲ್ಲಿ ಹೇಗೆಂದರೆ ಹಾಗೆ ತಿರುಗುವ ಮೊಬೈಲಿನ ಇಯರ್‌ಫೋನ್ ವೈರೇ ಆಂಟೆನಾ ಆಗಿರುವ ಕೇಳುಗರಿಗೆ ಸರ್ಕ್ಯುಲರಿನಿಂದ ಅನುಕೂಲ ಇರುವುದು ನಿಜ. ಆದರೆ ತೋಟದ ಮನೆಗಳು ದೂರ ದೂರ ಇರುವ, ಟ್ರಾನ್ಸ್‌ಮಿಟರ್ ಚಿಕ್ಕದಿರುವ ಕಡೆ ನೇರ ಡೈಪೋಲುಗಳ ಜೋಡಿಯನ್ನೇ ನಾವು ಆರಿಸುತ್ತೇವೆ.

ನಿಯಮದಲ್ಲಿ ಆಂಟೆನಾದ ಎತ್ತರ ನೆಲದಿಂದ 30 ಮೀಟರ್ ಮೀರಬಾರದು, 15 ಮೀಟರಿಗಿಂತ ಕೆಳಗೂ ಇರಬಾರದು. ಕೆಳಮಿತಿ ಹತ್ತಿರದ ಜನರ ಸುರಕ್ಷತೆಗೆ. 100 ವ್ಯಾಟ್ ಇಆರ್‌ಪಿ ಡಿಬಿಐ ಲೆಕ್ಕದಲ್ಲಿ 164 ವ್ಯಾಟ್ (1.64ರಿಂದ ಗುಣಿಸಿ). 10 ಮೀಟರ್ ದೂರದಲ್ಲಿ ಅದು ಚದರ ಮೀಟರಿಗೆ 0.13 ವ್ಯಾಟ್. ಈ ಆವರ್ತನಕ್ಕೆ ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ ಚದರ ಮೀಟರಿಗೆ 2 ವ್ಯಾಟ್. ಮೇಲ್ಮಿತಿ ನೆಲದಿಂದ ಎಣಿಸಿದ್ದು ಎಂಬುದನ್ನು ಗಮನಿಸಿ: ಟವರನ್ನು ಪೇಟೆಯಲ್ಲಿ ನಿಲ್ಲಿಸುವುದಕ್ಕೂ ಪಕ್ಕದ ಗುಡ್ಡದ ನೆತ್ತಿಯಲ್ಲಿ ನಿಲ್ಲಿಸುವುದಕ್ಕೂ ಕೊಡಗಿನಲ್ಲಿ ಅಜಗಜಾಂತರ. ಅರ್ಜಿಗೆ ಮೊದಲು ಜಾಗ ಹುಡುಕಿ. ನಿಜವಾದ ಅಗತ್ಯ ತೋರಿಸಿದರೆ 250 ವ್ಯಾಟ್ ಇಆರ್‌ಪಿವರೆಗೆ ಕೇಳಲು ಅವಕಾಶವಿದೆ, ಆದರೆ ಅದು 4 ಡಿಬಿಯ ಲಾಭ ಮಾತ್ರ.

ನಾಲ್ಕು ಡಿಬಿಗಿಂತ ಹೆಚ್ಚಿನದು ಖರ್ಚೇ ಇಲ್ಲದೆ ಸಿಗುತ್ತದೆ. ಮಾತಿನ ಕಾರ್ಯಕ್ರಮಗಳನ್ನು ಮೋನೊದಲ್ಲಿ ಪ್ರಸಾರ ಮಾಡಿ. ಎಫ್‌ಎಂ ಯೋಜನೆಯ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಗ್ರಾಮೀಣ ಪ್ರದೇಶಕ್ಕೆ ಸ್ಟೀರಿಯೊ ಆದರೆ ಮೀಟರಿಗೆ 54 ಡಿಬಿ ಮೈಕ್ರೋವೋಲ್ಟ್ ಸಿಗ್ನಲ್ ಬಲ ಬೇಕು, ಮೋನೊಗೆ 48 ಸಾಕು. ಆ 6 ಡಿಬಿಯನ್ನು ಶಕ್ತಿಯಿಂದ ಗಳಿಸಲು ಇಆರ್‌ಪಿ ನಾಲ್ಕು ಪಟ್ಟು ಮಾಡಬೇಕಿತ್ತು.

ಪ್ರಶ್ನೆ: ತೋಟದಲ್ಲಿ ಮಣ್ಣಿನ ತೇವ ಅಳೆಯುವ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಡೇಟಾ ಕಳಿಸುವ ರೇಡಿಯೊ) ಸೆನ್ಸರುಗಳನ್ನು ಹಾಕಿದ್ದೇವೆ. ಅವು ಕಳಿಸಿದ್ದನ್ನು ಹಿಡಿಯುವ ಗೇಟ್‌ವೇ ಬಂಗಲೆಯೊಳಗೆ ಇದೆ. ದೂರದ ಬ್ಲಾಕ್ ಸಿಗಲಿ ಎಂದು ಪುಟ್ಟ ಆಂಟೆನಾ ತೆಗೆದು 8 ಡಿಬಿಐ ಫೈಬರ್‌ಗ್ಲಾಸ್ ಆಂಟೆನಾವನ್ನು ಮಾಡಿನ ಮೇಲೆ ಹಾಕಿ, 12 ಮೀಟರ್ ಆರ್‌ಜಿ-58 ಎಳೆದೆವು. ಹೆಚ್ಚೇನೂ ಸುಧಾರಿಸಲಿಲ್ಲ. ಆಂಟೆನಾ ನಕಲಿಯೆ? (ಸುಂಟಿಕೊಪ್ಪ)

ಉತ್ತರ: ಆಂಟೆನಾ ಅಸಲಿಯೇ ಇರಬಹುದು. 865ರಿಂದ 868 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಆರ್‌ಜಿ-58 ಮೀಟರಿಗೆ ಸುಮಾರು 0.55 ಡಿಬಿ ನುಂಗುತ್ತದೆ. ಗೇಟ್‌ವೇಯ ಔಟ್‌ಪುಟ್ 20 ಡಿಬಿಎಂ (100 ಮಿಲಿವ್ಯಾಟ್) ಎಂದು ಹಿಡಿದರೆ: 20 − 6.6 − 0.4 + 8 − 2.15 = 18.85 ಡಿಬಿಎಂ, 77 ಮಿಲಿವ್ಯಾಟ್. ಮೊದಲಿದ್ದ ಪುಟ್ಟ ಆಂಟೆನಾ ಡೈಪೋಲಿನಷ್ಟೇ ಗೇನಿನದಾದರೆ ಅದರ ಇಆರ್‌ಪಿ 100 ಮಿಲಿವ್ಯಾಟ್ ಇತ್ತು. ದುಡ್ಡು ಕೊಟ್ಟು ಇಆರ್‌ಪಿ ಇಳಿಸಿಕೊಂಡಂತಾಯಿತು. ಸ್ವಲ್ಪವಾದರೂ ಸುಧಾರಿಸಿದ್ದರೆ ಅದು ಎತ್ತರದಿಂದ.

ಗೇಟ್‌ವೇಯನ್ನೇ ನೀರು ಹೋಗದ ಪೆಟ್ಟಿಗೆಯಲ್ಲಿಟ್ಟು ಆಂಟೆನಾದ ಕಂಬಕ್ಕೆ ಕಟ್ಟಿ, ನಡುವೆ ಒಂದು ಮೀಟರ್ ಕೇಬಲ್ ಮಾತ್ರ ಬಿಡಿ. ಕೆಳಗಿಳಿಯುವುದು ಕರೆಂಟು ಮತ್ತು ಡೇಟಾ ಎರಡನ್ನೂ ಒಯ್ಯುವ ಈಥರ್ನೆಟ್ ವೈರ್ ಆಗಲಿ. ಅದೇ ಆಂಟೆನಾದಿಂದ ಇಆರ್‌ಪಿ 24.9 ಡಿಬಿಎಂ, 300 ಮಿಲಿವ್ಯಾಟ್ ದಾಟುತ್ತದೆ. ಈ ಬ್ಯಾಂಡಿಗೆ ಲೈಸೆನ್ಸ್ ಬೇಡ, ಆದರೆ ಟ್ರಾನ್ಸ್‌ಮಿಟರ್ 1 ವ್ಯಾಟ್, ಇಆರ್‌ಪಿ 4 ವ್ಯಾಟ್ (36 ಡಿಬಿಎಂ) ಮಿತಿ ಇದೆ. ನೀವು ಅದರ ಹತ್ತಿರವೂ ಇಲ್ಲ. ಸೆನ್ಸರುಗಳು ಕಳಿಸಿದ್ದನ್ನು ಗೇಟ್‌ವೇ ಕೇಳುವುದೇ ನಿಮ್ಮ ಮುಖ್ಯ ಕೆಲಸವಾದ್ದರಿಂದ ಕೇಬಲಿನ 6 ಡಿಬಿ ಉಳಿತಾಯ ಅಲ್ಲಿಯೇ ಹೆಚ್ಚು ಕಾಣಿಸುತ್ತದೆ. ಆಂಟೆನಾ ಕಾಫಿ ಗಿಡಗಳ ಮೇಲಿದ್ದರೆ ಸಾಲದು, ಆದಷ್ಟೂ ಸಿಲ್ವರ್ ಓಕ್ ಸೊಪ್ಪಿನಿಂದ ಹೊರಗಿರಲಿ, ನೆನೆದ ಎಲೆ ಈ ಆವರ್ತನವನ್ನು ಚೆನ್ನಾಗಿ ಹೀರುತ್ತದೆ. ಕಂಬ ಎತ್ತುವಾಗ ತೋಟದೊಳಗೆ ಹಾದುಹೋದ ವಿದ್ಯುತ್ ತಂತಿಯಿಂದ ಕಂಬದ ಉದ್ದದ ಒಂದೂವರೆ ಪಟ್ಟಾದರೂ ದೂರ ಇರಿ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಗಲಿ ಆಗುವ ಸಾವುಗಳು ಕೊಡಗಿನವರಿಗೆ ಹೊಸತಲ್ಲ, ಆಂಟೆನಾ ಕಂಬವೂ ಅಷ್ಟೇ ಅಪಾಯ.

ಪ್ರಶ್ನೆ: 2018ರ ಭೂಕುಸಿತದ ಸಮಯದಲ್ಲಿ ಮೊಬೈಲ್ ಇಲ್ಲದೆ ಪಟ್ಟ ಪಾಡು ನೋಡಿ, ಎತ್ತರದ ಬೆಟ್ಟವೊಂದರಲ್ಲಿ ಹ್ಯಾಮ್ ರಿಪೀಟರ್ (ಬಂದ ಸಿಗ್ನಲನ್ನು ಆಗಲೇ ಮತ್ತೆ ಪ್ರಸಾರ ಮಾಡುವ ಸಾಧನ) ಇಡುವ ಯೋಜನೆ ಮಾಡಿದ್ದೇವೆ. ಆಂಟೆನಾದ ಗೇನ್ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೆ? (ಮಡಿಕೇರಿ)

ಉತ್ತರ: ಬಯಲುಸೀಮೆಯಲ್ಲಿ ಹೌದು, ಕೊಡಗಿನಲ್ಲಿ ಯಾವಾಗಲೂ ಅಲ್ಲ. ಸುತ್ತಲೂ ಸೂಸುವ ಆಂಟೆನಾ ಗೇನ್ ಗಳಿಸುವುದು ಮೇಲೆ ಕೆಳಗೆ ಹೋಗುವ ಶಕ್ತಿಯನ್ನು ಹಿಂಡಿ ದಿಗಂತದ ಕಡೆಗೆ ತಳ್ಳುವುದರಿಂದ. ನಿಮ್ಮ ಲೆಕ್ಕದ ಇಆರ್‌ಪಿ ಆ ದಿಗಂತದ ದಿಕ್ಕಿಗೆ ಮಾತ್ರ ನಿಜ. ನಿಮಗೆ ಬೇಕಾದ ಹಳ್ಳಿಗಳು ಇರುವುದು ಬೆಟ್ಟದ ಬುಡದಲ್ಲಿ.

ಆಂಟೆನಾದಿಂದ 4 ಕಿಲೋಮೀಟರ್ ದೂರ, 700 ಮೀಟರ್ ಕೆಳಗೆ ಒಂದು ಊರಿದೆ ಎನ್ನಿ. ಅದು ದಿಗಂತದಿಂದ 10 ಡಿಗ್ರಿ ಕೆಳಗೆ ಕಾಣುತ್ತದೆ. 0.9 ತರಂಗದೂರದ ಅಂತರದಲ್ಲಿ ನಾಲ್ಕು ಡೈಪೋಲ್ ಜೋಡಿಸಿದ 6 ಡಿಬಿಡಿ ಆಂಟೆನಾದ ಗೇನ್ ಆ ಕೋನದಲ್ಲಿ 6 ಡಿಬಿ ಇಳಿದು 0 ಡಿಬಿಡಿ ಆಗಿರುತ್ತದೆ. ಎರಡು ಡೈಪೋಲಿನ 3 ಡಿಬಿಡಿ ಆಂಟೆನಾ ಅಲ್ಲಿ 1 ಡಿಬಿ ಮಾತ್ರ ಇಳಿದು 2 ಡಿಬಿಡಿ ಉಳಿಸಿಕೊಂಡಿರುತ್ತದೆ. ಇನ್ನೂ ಹತ್ತಿರ, 2 ಕಿಲೋಮೀಟರ್ ದೂರದಲ್ಲಿ 600 ಮೀಟರ್ ಕೆಳಗಿನ ಊರು ಸುಮಾರು 17 ಡಿಗ್ರಿಯಲ್ಲಿದ್ದು, ದೊಡ್ಡ ಆಂಟೆನಾ ಹೆಚ್ಚುಕಡಿಮೆ ಏನೂ ಸೂಸದ ಮೊದಲ ಕೋನದ ಹತ್ತಿರವೇ ಬೀಳುತ್ತದೆ. ದೊಡ್ಡ ಆಂಟೆನಾ ಹಾಕಿದ ಮೇಲೆ ದೂರದ ಕುಶಾಲನಗರ ಸ್ಪಷ್ಟವಾಗಿ ಸಿಕ್ಕಿ ಬೆಟ್ಟದ ಕೆಳಗಿನ ಊರೇ ಸಿಗದಿರುವುದು ಹೀಗೆ. ಭೂಕುಸಿತ ಆಗುವುದು ಆ ಇಳಿಜಾರಿನ ಊರುಗಳಲ್ಲೇ. ಎರಡು ಡೈಪೋಲಿನದನ್ನೇ ಆರಿಸಿ, ಅಥವಾ ನಾಲ್ಕರದ್ದು ಬೇಕೇ ಬೇಕೆಂದರೆ ಕಿರಣ ಕೆಳಕ್ಕೆ ಬಾಗುವಂತೆ ಮಾಡಿದ ಮಾದರಿಯನ್ನು ಕೇಳಿ. ಲೆಕ್ಕದಲ್ಲಿ ಡುಪ್ಲೆಕ್ಸರಿನ (ಒಂದೇ ಆಂಟೆನಾದಲ್ಲಿ ಕಳಿಸುವುದನ್ನೂ ಕೇಳುವುದನ್ನೂ ಬೇರ್ಪಡಿಸುವ ಫಿಲ್ಟರ್) 1ರಿಂದ 1.5 ಡಿಬಿ ನಷ್ಟ ಸೇರಿಸಲು ಮರೆಯಬೇಡಿ, ಬಹುಮಂದಿ ಬಿಡುವುದು ಅದನ್ನೇ.

ಪ್ರಶ್ನೆ: ನಮ್ಮ ಮನೆ ಕಣಿವೆಯಲ್ಲಿದೆ. ಮಡಿಕೇರಿ ಆಕಾಶವಾಣಿ 103.1 ಬರೀ ಗೊರಗೊರ. ಕೇಂದ್ರದವರು ಶಕ್ತಿ ದುಪ್ಪಟ್ಟು ಮಾಡಿದರೆ ಸರಿಯಾಗುತ್ತದೆಯೆ? (ಗಾಳಿಬೀಡು)

ಉತ್ತರ: ಇಲ್ಲ. ದುಪ್ಪಟ್ಟು ಎಂದರೆ 3 ಡಿಬಿ, ಕಿವಿಗೆ ತಿಳಿದರೆ ಹೆಚ್ಚು. ನಡುವಿನ ಬೆಟ್ಟದ ಲೆಕ್ಕ ನೋಡಿ: ಕೇಂದ್ರ 20 ಕಿಲೋಮೀಟರ್ ದೂರದಲ್ಲಿದ್ದು, ಮನೆಯಿಂದ 1 ಕಿಲೋಮೀಟರ್ ಆಚೆಗಿನ ಏಣು ನೇರ ದೃಷ್ಟಿರೇಖೆಗಿಂತ 100 ಮೀಟರ್ ಮೇಲೆ ಎದ್ದಿದ್ದರೆ, 103 ಮೆಗಾಹರ್ಟ್ಸ್‌ನಲ್ಲಿ ಅದೊಂದೇ ಸುಮಾರು 21 ಡಿಬಿ ತಡೆಯುತ್ತದೆ. ತೆರೆದ ಜಾಗದಲ್ಲಿ ಸಿಗುವುದರ 140ನೇ ಒಂದು ಪಾಲು. ಕೇಂದ್ರ ಇನ್ನೂ ಹತ್ತಿರವಿದ್ದರೂ ಈ ಕಥೆ ಹೆಚ್ಚು ಬದಲಾಗದು, ಏಕೆಂದರೆ ಏಣು ನಿಮ್ಮ ಮನೆಗೆ ಅಂಟಿಕೊಂಡಿದೆ. ಇದನ್ನು ನಿಮ್ಮ ಕಡೆಯಿಂದಲೇ ಸರಿಮಾಡಿಕೊಳ್ಳಬೇಕು.

ಅಲ್ಯೂಮಿನಿಯಂ ಕೊಳವೆಯ ಡೈಪೋಲ್ ಮಾಡಿ, ಒಟ್ಟು ಉದ್ದ 139 ಸೆಂಟಿಮೀಟರ್, ಒಂದೊಂದು ತೋಳು 69 ಸೆಂಟಿಮೀಟರಿನಷ್ಟು. ನಡುವೆ ಪ್ಲಾಸ್ಟಿಕ್ ತುಂಡು ಇಟ್ಟು ಎರಡೂ ತೋಳು ತಗಲದಂತೆ ಬಿಗಿಯಿರಿ. ಟಿವಿಗೆ ಬಳಸುವ 75 ಓಮಿನ ಆರ್‌ಜಿ-6 ಕೇಬಲಿನ ನಡುತಂತಿ ಒಂದು ತೋಳಿಗೆ, ಹೆಣಿಗೆ ಇನ್ನೊಂದಕ್ಕೆ. ಈ ಕೇಬಲ್ ಅಗ್ಗ, ನಷ್ಟವೂ ಕಡಿಮೆ, ಡೈಪೋಲಿಗೆ ಚೆನ್ನಾಗಿ ಹೊಂದುತ್ತದೆ. ಆಂಟೆನಾವನ್ನು ಮನೆಯ ಮಾಡಿಗಿಂತ ಏಣಿನ ಕಡೆ ತೆರೆದಿರುವ ಜಾಗದಲ್ಲಿ ಎತ್ತರಕ್ಕೆ ಇಡಿ. ಅಡ್ಡಲಾಗಿ ಇಟ್ಟು ಒಮ್ಮೆ, ನೆಟ್ಟಗೆ ನಿಲ್ಲಿಸಿ ಒಮ್ಮೆ ಕೇಳಿ. ಒಂದೆರಡು ಮೀಟರ್ ಆಚೀಚೆ ಸರಿಸಿದರೂ ಕಣಿವೆಯಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ, ಬೆಟ್ಟಗಳಿಂದ ಪ್ರತಿಫಲಿಸಿ ಬಂದ ಅಲೆಗಳು ಕೆಲವೆಡೆ ಕೂಡಿ ಕೆಲವೆಡೆ ಕಳೆದುಹೋಗುತ್ತವೆ. ರೇಡಿಯೊದಲ್ಲಿ ಮೋನೊ ಗುಂಡಿ ಇದ್ದರೆ ಒತ್ತಿ, ಗೊರಗೊರ ಅರ್ಧಕ್ಕರ್ಧ ಅಡಗುತ್ತದೆ.

ಪ್ರಶ್ನೆ: ಕೈಯಲ್ಲಿ ಹಿಡಿಯುವ 5 ವ್ಯಾಟಿನ ವಾಕಿಟಾಕಿಯ ಇಆರ್‌ಪಿ 5 ವ್ಯಾಟೇ ಇರಬೇಕಲ್ಲ, ಕೇಬಲ್ಲೇ ಇಲ್ಲವಲ್ಲ? (ವಿರಾಜಪೇಟೆ)

ಉತ್ತರ: ಕೇಬಲ್ ನಷ್ಟ ಇಲ್ಲ, ಆದರೆ ಜೊತೆಗೆ ಬರುವ ಗಿಡ್ಡ ರಬ್ಬರ್ ಆಂಟೆನಾದ ಗೇನ್ ಡೈಪೋಲಿಗಿಂತ ಬಹಳ ಕೆಳಗೆ. ವಿಎಚ್‌ಎಫ್‌ನಲ್ಲಿ (145 ಮೆಗಾಹರ್ಟ್ಸ್ ಸೇರುವ ಆವರ್ತನ ಶ್ರೇಣಿ) ಅದು 5 ಡಿಬಿ ಕೆಳಗಿದ್ದರೆ 37 − 5 = 32 ಡಿಬಿಎಂ, ಒಂದೂವರೆ ವ್ಯಾಟಿನಷ್ಟು. ಸೊಂಟಕ್ಕೆ ಸಿಕ್ಕಿಸಿ ಮಾತಾಡಿದರೆ ದೇಹ ಇನ್ನಷ್ಟು ಹೀರುತ್ತದೆ. ಎತ್ತಿ ಮುಖದ ಮುಂದೆ ನೆಟ್ಟಗೆ ಹಿಡಿಯಿರಿ. ಅರ್ಧ ಮೀಟರಿನ ಕಾಲುತರಂಗ ಕಡ್ಡಿ ಆಂಟೆನಾ ಸಿಕ್ಕಿಸಿ, ಸೆಟ್ಟಿನ ಕೆಳಭಾಗದ ಲೋಹಕ್ಕೆ ಸೇರುವಂತೆ ಇನ್ನೊಂದು ಅರ್ಧ ಮೀಟರ್ ವೈರನ್ನು ಕೆಳಕ್ಕೆ ಜೋತುಬಿಟ್ಟರೆ ಎರಡೂ ಸೇರಿ ಹೆಚ್ಚುಕಡಿಮೆ ಡೈಪೋಲೇ ಆಗುತ್ತದೆ, ಕಳೆದುಹೋಗಿದ್ದ 5 ಡಿಬಿಯಲ್ಲಿ ಬಹುಪಾಲು ಹಿಂದೆ ಬರುತ್ತದೆ.